ಬಾಗಲಕೋಟೆ ಸೀಮೆಯ ಸ್ತ್ರೀಬಾಂಧವ್ಯ ಮತ್ತು ಸಖ್ಯ: ಶಾಸನಗಳು ಹಾಗೂ ‘ಗರತಿಯ ಹಾಡು’

ಒಂದು ಸೀಮೆಯ ಇತಿಹಾಸವನ್ನು ಬರೆಯಹೊರಟವರಿಗೆ ಅರಸರ ವಂಶಾವಳಿ, ಯುದ್ಧ, ದತ್ತಿ, ದೇವಾಲಯ ಇವುಗಳ ವಿಷಯದಲ್ಲಿ ಆಕರಗಳ ಕೊರತೆ ಅಷ್ಟಾಗಿ ತೋರುವುದಿಲ್ಲ. ಬಾದಾಮಿಯಂತಹ ರಾಜಧಾನಿಯನ್ನು ಪಡೆದಿದ್ದ ಸೀಮೆಯ ಮಟ್ಟಿಗಂತೂ ಈ ಮಾತು ಹೆಚ್ಚು ನಿಜ. ಆದರೆ ಅದೇ ಸೀಮೆಯ ಹೆಣ್ಣುಮಕ್ಕಳು ತಮ್ಮತಮ್ಮೊಳಗೆ ಎಂತಹ ನಂಟಿನಿಂದ ಬಾಳಿದರು, ಮಗಳು ತಾಯಿಯನ್ನು, ತಂಗಿ ಅಕ್ಕನನ್ನು, ಗೆಳತಿ ಗೆಳತಿಯನ್ನು ಹೇಗೆ ನೆನೆದರು ಎಂದು ಕೇಳಿದರೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಅಂತಹ ನಂಟುಗಳನ್ನು ಬರೆದಿಡಬೇಕೆಂದು ಹಿಂದಿನವರಿಗೆ ತೋರಲಿಲ್ಲವೆಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ರೂಢಿಯಾಗಿದೆ. ಈ ಹೇಳಿಕೆ ಪೂರ್ತಿಯಾಗಿ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಬರೆದಿಟ್ಟುದು ಇದೆ, ಅದನ್ನು ಈ ದೃಷ್ಟಿಯಿಂದ ಓದಿದುದು ಕಡಿಮೆ.

ಪ್ರಕೃತ ಲೇಖನದಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಇವುಗಳನ್ನೊಳಗೊಂಡ ಸೀಮೆಯನ್ನು ಕ್ಷೇತ್ರವಾಗಿಟ್ಟುಕೊಂಡು ಮುಖ್ಯವಾಗಿ ಎರಡು ಬಗೆಯ ಆಕರಗಳನ್ನು ಪರಿಶೀಲಿಸುತ್ತೇವೆ. ಮೊದಲನೆಯದು ಮಹಾಕೂಟ ಮತ್ತು ಪಟ್ಟದಕಲ್ಲುಗಳ ಎಂಟನೆಯ ಶತಮಾನದ ಶಾಸನಗಳು. ಎರಡನೆಯದು ೧೯೩೧ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಎಂಬ ಜನಪದ ತ್ರಿಪದಿಗಳ ಸಂಗ್ರಹ. ಇವೆರಡರ ನಡುವೆ ಸುಮಾರು ಸಾವಿರದ ಇನ್ನೂರು ವರ್ಷಗಳ ಅಂತರವಿದೆ. ಆದರೂ ಇವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಯಾವ ಹೆಣ್ಣಿನ ಹೆಸರು ಉಳಿಯುತ್ತದೆ, ಯಾವಳ ಹೆಸರು ಅಳಿಯುತ್ತದೆ?

ಇಲ್ಲಿ ಒಂದು ಆಕ್ಷೇಪಕ್ಕೆ ಮೊದಲೇ ಉತ್ತರ ಹೇಳಬೇಕು. ‘ಗರತಿಯ ಹಾಡ’ನ್ನು ಸಂಗ್ರಹಿಸಿದ ಹಲಸಂಗಿಯ ಗೆಳೆಯರು ಕೃಷ್ಣೆಯ ಉತ್ತರಕ್ಕೆ, ಭೀಮೆಯ ಕಡೆಯ ಇಂಡಿ ಭಾಗದವರು, ಬಾದಾಮಿ ಹುನಗುಂದಗಳು ಮಲಪ್ರಭೆಯ ಕಡೆಯವು. ಆದರೆ ೧೯೯೭ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಎರಡು ಭಾಗಗಳೂ ಒಂದೇ ಬಿಜಾಪುರ ಜಿಲ್ಲೆಗೆ ಸೇರಿದ್ದವು. ಬೀಸುವ ಕಲ್ಲು, ಪಂಚಮಿಯ ಜೋಕಾಲಿ, ಉಡಿ ತುಂಬುವ ಪದ್ಧತಿ, ತ್ರಿಪದಿಯ ಧಾಟಿ ಇವೆಲ್ಲ ನದಿಯ ಎರಡೂ ದಂಡೆಗಳಿಗೆ ಸಮಾನವಾದವು. ಆದುದರಿಂದ ಆ ಗ್ರಂಥವನ್ನು ಈ ಸೀಮೆಯ ನಿರ್ದಿಷ್ಟ ಊರುಗಳ ದಾಖಲೆಯೆಂದು ತಿಳಿಯದೆ, ಇಲ್ಲಿಯ ಮನೆಬಾಳಿನ ಹತ್ತಿರದ ಸಾಕ್ಷ್ಯವೆಂದು ಬಳಸಿಕೊಂಡಿದ್ದೇವೆ.

೧. ಕಲ್ಲಿನಲ್ಲಿ ಉಳಿದ ಹೆಸರುಗಳು

ಬಾದಾಮಿಯಿಂದ ಪಟ್ಟದಕಲ್ಲಿನ ಕಡೆಗೆ ಹೋಗುವಾಗ ನಡುವೆ ಮಹಾಕೂಟವೆಂಬ ಪುಣ್ಯಕ್ಷೇತ್ರವಿದೆ. ಅಲ್ಲಿಯ ಮಹಾಕೂಟೇಶ್ವರ ದೇವಾಲಯದ ಕಂಬವೊಂದರ ಮೇಲೆ ಚಾಲುಕ್ಯ ವಿಜಯಾದಿತ್ಯನ ಕಾಲದ (೬೯೬-೭೩೩) ಚಿಕ್ಕ ಕನ್ನಡ ಶಾಸನವಿದೆ. ಜೆ. ಎಫ್. ಫ್ಲೀಟನು ಇದನ್ನು ೧೮೮೧ರ ‘ಇಂಡಿಯನ್ ಆಂಟಿಕ್ವರಿ’ಯ ಹತ್ತನೆಯ ಸಂಪುಟದಲ್ಲಿ ಬೆಳಕಿಗೆ ತಂದನು. ದೇವರಿಗೆ ಮಾಣಿಕ್ಯದ ಪೀಠವನ್ನು ಕಟ್ಟಿಸಿ, ಬೆಳ್ಳಿಯ ಕೊಡೆಯನ್ನು ಏರಿಸಿ, ಹಿರಣ್ಯಗರ್ಭ ಮಹಾದಾನವನ್ನು ಮಾಡಿ, ಭೂಮಿಯನ್ನು ಬಿಟ್ಟುಕೊಟ್ಟ ವಿನಾಪೋಟಿ ಎಂಬವಳ ದತ್ತಿಯನ್ನು ಅದು ತಿಳಿಸುತ್ತದೆ. ಅವಳು ಅರಸನ ಪ್ರಾಣವಲ್ಲಭೆಯಾಗಿದ್ದ ಸೂಳೆಯೆಂದು ಶಾಸನ ಯಾವ ಮುಚ್ಚುಮರೆಯೂ ಇಲ್ಲದೆ ಹೇಳುತ್ತದೆ.

ನಮ್ಮ ವಿಷಯಕ್ಕೆ ಮುಖ್ಯವಾದುದು ಆಕೆಯ ವಂಶವನ್ನು ಹೇಳಿರುವ ರೀತಿ. ದಾನಿಯ ತಂದೆ, ಅಜ್ಜ, ಮುತ್ತಜ್ಜರನ್ನು ಹೆಸರಿಸುವುದು ಶಾಸನಗಳ ಸಾಮಾನ್ಯ ಕ್ರಮ. ಇಲ್ಲಿ ಆ ಕ್ರಮವೇ ಬೇರೆ. ಅಜ್ಜಿ ರೇವಮಂಚಳು, ಆಕೆಯ ಮಗಳು ಕುಚಿಪೋಟಿ, ಆಕೆಯ ಮಗಳು ವಿನಾಪೋಟಿ ಎಂದು ಮೂರು ತಲೆಮಾರುಗಳ ಹೆಣ್ಣುಗಳನ್ನೇ ಸಾಲಾಗಿ ಹೇಳಿದೆ. ಮೂವರ ಹೆಸರಿಗೂ ಗೌರವಸೂಚಕವಾದ ಬಹುವಚನವನ್ನು ಹಚ್ಚಿದೆ. ಗಣಿಕಾವೃತ್ತಿಯ ಮನೆತನಗಳಲ್ಲಿ ವಂಶವನ್ನು ತಾಯಿಯಿಂದ ಎಣಿಸುವುದು ಸಹಜವೆಂದು ಇದನ್ನು ಬದಿಗೆ ಸರಿಸಬಹುದು. ಆದರೆ ಅರಸನ ಹೆಸರಿನ ಬೆನ್ನಿಗೇ, ಚಾಲುಕ್ಯರ ಪರಮಪೂಜ್ಯವಾದ ಕ್ಷೇತ್ರದಲ್ಲಿ, ತನ್ನ ಪುಣ್ಯದ ದಾಖಲೆಯಲ್ಲಿ ತಾಯಿಯನ್ನೂ ಅಜ್ಜಿಯನ್ನೂ ಸೇರಿಸಿಕೊಳ್ಳಬೇಕೆಂದು ಒಬ್ಬ ಮಗಳು ಬಯಸಿದಳೆಂಬುದು ಕೇವಲ ರೂಢಿಯ ಮಾತಾಗಲಾರದು. ಈ ಸೀಮೆಯಲ್ಲಿ ತಾಯಿ ಮಗಳ ನಂಟು ಬರವಣಿಗೆಗೆ ಇಳಿದ ಅತ್ಯಂತ ಹಳೆಯ ನಿದರ್ಶನಗಳಲ್ಲಿ ಇದೊಂದು ಎಂದು ಹೇಳಲಡ್ಡಿಯಿಲ್ಲ.

ವಿಜಯಾದಿತ್ಯನ ಮಗನಾದ ಎರಡನೆಯ ವಿಕ್ರಮಾದಿತ್ಯನ ಇಬ್ಬರು ರಾಣಿಯರು ಪಟ್ಟದಕಲ್ಲಿನಲ್ಲಿ ಎರಡು ದೇವಾಲಯಗಳನ್ನು ಎತ್ತಿಸಿದ ಸಂಗತಿ ಸುಪ್ರಸಿದ್ಧವಾಗಿದೆ. ಕಂಚಿಯನ್ನು ಮೂರು ಸಲ ಸೋಲಿಸಿದ ಅರಸನ ರಾಣಿ ಲೋಕಮಹಾದೇವಿ ಲೋಕೇಶ್ವರವನ್ನೂ, ಆಕೆಯ ಒಡಹುಟ್ಟಿದ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿ ಅದರ ಪಕ್ಕದಲ್ಲಿಯೇ ತ್ರೈಲೋಕ್ಯೇಶ್ವರವನ್ನೂ ಕಟ್ಟಿಸಿದರು. ಇಬ್ಬರೂ ಹೈಹಯ ವಂಶದ ರಾಜಪುತ್ರಿಯರು. ಈ ಸಂಬಂಧವನ್ನು ತಿಳಿಸುವುದು ತ್ರೈಲೋಕ್ಯಮಹಾದೇವಿಯ ಮಗನಾದ ಎರಡನೆಯ ಕೀರ್ತಿವರ್ಮನ ಕಾಲದಲ್ಲಿ, ೭೫೪ರಲ್ಲಿ, ಜ್ಞಾನಶಿವಾಚಾರ್ಯನೆಂಬ ಉತ್ತರದೇಶದ ಶೈವಾಚಾರ್ಯನು ನಿಲ್ಲಿಸಿದ ಕಂಬದ ಶಾಸನ. ಆಳುತ್ತಿರುವ ಅರಸನ ತಾಯಿಯೆಂಬ ಹಿರಿಮೆ ತಂಗಿಗೆ ಆಗಲೇ ದೊರೆತಿತ್ತು. ಆದರೂ ಆ ಶಾಸನ ಆಕೆಯನ್ನು ಪರಿಚಯಿಸುವಾಗ ಅಕ್ಕನ ಸಂಬಂಧವನ್ನು ಬಿಡಲಿಲ್ಲ.

ಅಕ್ಕತಂಗಿಯರು ಪರಸ್ಪರ ಹೇಗೆ ಬಾಳಿದರೆಂಬುದನ್ನು ಈ ಕಲ್ಲುಗಳಿಂದ ತಿಳಿಯಲಾಗದು. ಒಬ್ಬ ಅರಸನಿಗೆ ಇಬ್ಬರು ಸೋದರಿಯರನ್ನು ಕೊಟ್ಟ ವಿವಾಹದ ಹಿಂದೆ ರಾಜಕಾರಣವಿದ್ದಿರಬೇಕು. ಎರಡು ದೇವಾಲಯಗಳು ಅಕ್ಕಪಕ್ಕದಲ್ಲಿ, ಒಂದೇ ಶೈಲಿಯಲ್ಲಿ ನಿಂತಿರುವುದನ್ನು ಪ್ರೀತಿಯ ಗುರುತೆಂದು ಹೇಳುವ ರಸಿಕರಿದ್ದಾರೆ. ಸ್ಪರ್ಧೆಯ ಗುರುತೆಂದು ಹೇಳುವುದಕ್ಕೂ ಅವು ಅಷ್ಟೇ ಅವಕಾಶ ಕೊಡುತ್ತವೆ. ಇತಿಹಾಸಕಾರನು ಇಲ್ಲಿ ಮೌನವಾಗಿರುವುದು ಲೇಸು. ನಿಶ್ಚಯವಾಗಿ ಹೇಳಬಹುದಾದುದು ಇಷ್ಟು: ಆ ದೇವರುಗಳಿಗೆ ಹೆಸರು ಬಂದುದು ರಾಣಿಯರಿಂದ, ಕಾಲಾಂತರದಲ್ಲಿ ಲೋಕೇಶ್ವರ ವಿರೂಪಾಕ್ಷನಾದನು, ತ್ರೈಲೋಕ್ಯೇಶ್ವರ ಮಲ್ಲಿಕಾರ್ಜುನನಾದನು. ಜನರ ಬಾಯಿಂದ ಆ ಸೋದರಿಯರ ಹೆಸರು ಜಾರಿತು. ಶಾಸನ ಇಲ್ಲದಿದ್ದರೆ ಅವು ನಮಗೆ ತಿಳಿಯುತ್ತಲೇ ಇರಲಿಲ್ಲ.

ಮತ್ತೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ವಿಜಯಾದಿತ್ಯನು ಗಾಯಕರಿಗೆ ಹಿಂದೆ ಕೊಟ್ಟಿದ್ದ ಮರ್ಯಾದೆಗಳನ್ನು ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳೆಂದು ಪಟ್ಟದಕಲ್ಲಿನ ಇನ್ನೊಂದು ಶಾಸನ ಹೇಳುತ್ತದೆ. ದೇವಾಲಯದ ಹಾಡಿಗೆ ರಾಣಿಯ ಆಶ್ರಯವೂ ಕಲ್ಲಿನ ರಕ್ಷಣೆಯೂ ದೊರೆತವು. ಅದೇ ಕಾಲದಲ್ಲಿ ಮನೆಗಳ ಒಳಗೆ ಹೆಣ್ಣುಮಕ್ಕಳು ಏನು ಹಾಡುತ್ತಿದ್ದರೆಂಬುದಕ್ಕೆ ಯಾವ ಶಾಸನವೂ ಇಲ್ಲ.

೨. ಶರಣೆಯರ ಅಂಕಿತ

ಹುನಗುಂದ ತಾಲ್ಲೂಕಿನ ಕೂಡಲಸಂಗಮ ಕೃಷ್ಣಾ ಮಲಪ್ರಭೆಗಳ ಸಂಗಮಸ್ಥಾನ. ಹನ್ನೆರಡನೆಯ ಶತಮಾನದ ಶರಣ ಚಳುವಳಿಯಲ್ಲಿ ಈ ಕ್ಷೇತ್ರಕ್ಕಿರುವ ಸ್ಥಾನವನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಬಸವಣ್ಣನವರ ಅಕ್ಕ ನಾಗಮ್ಮ, ಹೆಂಡಂದಿರಾದ ಗಂಗಾಂಬಿಕೆ ಮತ್ತು ನೀಲಮ್ಮ ಈ ಮೂವರ ವಚನಗಳೂ ನಮಗೆ ದೊರೆತಿವೆ. ಮೂವರ ಅಂಕಿತಗಳೂ ಸಂಗಮದ ದೇವರನ್ನೇ ಕುರಿತವು. ಆದರೆ ಅವುಗಳೊಳಗಿನ ವ್ಯತ್ಯಾಸ ಅರ್ಥಪೂರ್ಣವಾಗಿದೆ. ಗಂಗಾಂಬಿಕೆಯ ಅಂಕಿತದಲ್ಲಿ ಆಕೆಯ ಹೆಸರೇ ದೇವರ ಹೆಸರಿಗೆ ಸೇರಿ ‘ಗಂಗಾಪ್ರಿಯ’ ಎಂದು ಬರುತ್ತದೆ. ಅಕ್ಕನಾಗಮ್ಮನ ಅಂಕಿತದಲ್ಲಿ ತಮ್ಮನ ಹೆಸರು ಸೇರಿ ‘ಬಸವಣ್ಣಪ್ರಿಯ’ ಎಂದಾಗುತ್ತದೆ. ನೀಲಮ್ಮ ‘ಸಂಗಯ್ಯ’ ಎಂದಷ್ಟೇ ಹೇಳಿ ಮುಗಿಸುತ್ತಾಳೆ. ಒಂದೇ ಮನೆಯ ಮೂವರು ಹೆಣ್ಣುಮಕ್ಕಳು ಕುಟುಂಬದೊಳಗಿನ ತಮ್ಮ ಸ್ಥಾನವನ್ನು ಮೂರು ಬಗೆಯಾಗಿ ಅಂಕಿತದಲ್ಲಿ ಸೂಚಿಸಿದ್ದಾರೆಂದು ತಿಳಿಯಲು ಅವಕಾಶವಿದೆ.

ನೀಲಮ್ಮ ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಲಿಂಗೈಕ್ಯಳಾದಳೆಂದು ಪರಂಪರೆ ಹೇಳುತ್ತದೆ. ಶರಣೆಯರ ಹೆಸರುಗಳನ್ನು ಉಳಿಸಿದ್ದು ಒಂದು ಧರ್ಮಸಮುದಾಯದ ಶ್ರದ್ಧೆ. ಶಾಸನದಲ್ಲಿ ದತ್ತಿ ಮಾಡಿದ ಕೆಲಸವನ್ನು ಇಲ್ಲಿ ಭಕ್ತಿ ಮಾಡಿತು. ಎರಡೂ ಇಲ್ಲದ ಸಾಮಾನ್ಯ ಗೃಹಿಣಿಯ ಮಾತನ್ನು ಹುಡುಕಬೇಕಾದರೆ ನಾವು ಬೀಸುವ ಕಲ್ಲಿನ ಬಳಿಗೆ ಬರಬೇಕಾಗುತ್ತದೆ.

೩. ತ್ರಿಪದಿ ಮತ್ತು ಬೀಸುವ ಕಲ್ಲು

ಈ ದಾರಿಯೂ ಬಾದಾಮಿಯಿಂದಲೇ ಹೊರಡುತ್ತದೆ. ಬಾದಾಮಿಯ ಕೆರೆಯ ಸಮೀಪದ ಬಂಡೆಯ ಮೇಲೆ ಕೊರೆದಿರುವ ಕಪ್ಪೆ ಅರಭಟ್ಟನ ಶಾಸನವನ್ನು ಲಿಪಿಯ ಆಧಾರದಿಂದ ಸುಮಾರು ೭೦೦ನೆಯ ವರ್ಷದ್ದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಕನ್ನಡದ ಅಚ್ಚ ದೇಸಿ ಮಟ್ಟಾದ ತ್ರಿಪದಿ ನಮಗೆ ಬರಹದಲ್ಲಿ ಮೊದಲು ಕಾಣಸಿಗುವುದು ಅಲ್ಲಿಯೇ. ಒಬ್ಬ ವೀರನ ಗುಣವನ್ನು ಸಾರುವುದಕ್ಕೆ ಬಳಕೆಯಾದ ಆ ಮೂರು ಸಾಲಿನ ಮಟ್ಟೇ ಹೆಂಗಸರ ಬೀಸುವ, ಕುಟ್ಟುವ, ತೂಗುವ ಹಾಡುಗಳ ಮಟ್ಟೂ ಆಗಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ಬಂಡೆಯ ಮೇಲೆ ಕೊರೆಯುವ ವೇಳೆಗೆ ತ್ರಿಪದಿ ಜನರ ಬಾಯಲ್ಲಿ ಪಳಗಿದ್ದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಈ ಹಾಡುಗಳನ್ನು ಅಚ್ಚಿಗೆ ತಂದವರಲ್ಲಿ ಅಗ್ರಗಣ್ಯರಾದವರು ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮೊದಲಾದ ಹಲಸಂಗಿಯ ಗೆಳೆಯರು. ‘ಗರತಿಯ ಹಾಡು’ ೧೯೩೧ರಲ್ಲಿ ಪ್ರಕಟವಾದ ಮೇಲೆ ಹಳ್ಳಿಯ ಹೆಂಗಸರ ಪದಗಳು ಸಾಹಿತ್ಯವೆಂಬ ಮನ್ನಣೆಯನ್ನು ಪಡೆದವು. ಅನಂತರ ಡಾ. ಬಿ. ಎಸ್. ಗದ್ದಗಿಮಠರಂತಹವರು ಜನಪದ ಗೀತೆಗಳನ್ನು ವಿಶ್ವವಿದ್ಯಾಲಯದ ಸಂಶೋಧನೆಯ ವಿಷಯವನ್ನಾಗಿ ಮಾಡಿದರು. ಸಾಹಿತ್ಯದ ದೃಷ್ಟಿಯಿಂದ ಈ ಪದಗಳ ವಿಮರ್ಶೆ ಬೇಕಾದಷ್ಟು ನಡೆದಿದೆ. ಕುಟುಂಬದ ಇತಿಹಾಸಕ್ಕೆ ಆಕರವಾಗಿ ಅವನ್ನು ಬಳಸಿದುದು ಅಷ್ಟಿಲ್ಲ.

ಆಕರವಾಗಿ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಹಾಡು ಹುಟ್ಟುವ ಸಂದರ್ಭ. ದೊಡ್ಡ ಬೀಸುವ ಕಲ್ಲು ಒಬ್ಬಳ ಕೆಲಸವಲ್ಲ. ಬೆಳಗಿನ ಜಾವ ಇಬ್ಬರು ಹೆಂಗಸರು ಎದುರುಬದುರು ಕುಳಿತು ಒಂದೇ ಗೂಟವನ್ನು ಹಿಡಿದು ತಿರುಗಿಸುತ್ತಾರೆ. ಒಬ್ಬಳು ನುಡಿಯನ್ನು ಎತ್ತುತ್ತಾಳೆ, ಇನ್ನೊಬ್ಬಳು ಅದನ್ನು ಹಿಡಿಯುತ್ತಾಳೆ. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಹೇಳುವ ರೂಢಿಗೆ ಈ ಎರಡು ದನಿಗಳ ಕೂಟ ಬಹಳ ಹೊಂದುತ್ತದೆ. ಎದುರಿಗೆ ಕುಳಿತವಳು ತಾಯಿಯಾಗಿರಬಹುದು, ಅತ್ತೆಯಾಗಿರಬಹುದು, ನೆಗೆಣ್ಣಿಯಾಗಿರಬಹುದು, ಓಣಿಯ ಗೆಳತಿಯಾಗಿರಬಹುದು. ಕಾಗದದ ಮೇಲೆ ಒಂಟಿ ಹೆಣ್ಣಿನ ಅಳಲಿನಂತೆ ತೋರುವ ಪದ ಹುಟ್ಟಿದ ಗಳಿಗೆಯಲ್ಲಿ ಒಂಟಿಯಾಗಿರಲಿಲ್ಲ. ಅದನ್ನು ಕೇಳಿ ಮುಂದುವರಿಸುವ ಇನ್ನೊಬ್ಬಳು ಅಲ್ಲಿದ್ದಳು. ಅಚ್ಚಾದ ಪುಸ್ತಕದಲ್ಲಿ ಕಾಣದ ಈ ಎರಡನೆಯವಳನ್ನು ಓದುಗನು ನೆನಪಿನಲ್ಲಿಟ್ಟುಕೊಳ್ಳುವುದು ಅವಶ್ಯ.

ಹಾಡುಗಳ ವಸ್ತುವೂ ಇದನ್ನೇ ಸಮರ್ಥಿಸುತ್ತದೆ. ತವರು, ಹಡೆದ ತಾಯಿ, ಕರೆಯಲು ಬರುವ ಅಣ್ಣ, ತೊಟ್ಟಿಲ ಕೂಸು, ಅತ್ತೆಮನೆಯ ದುಡಿಮೆ ಇವು ಪದಪದಗಳಲ್ಲಿಯೂ ಬರುತ್ತವೆ. ತಾಯಿಗೆ ಕೊಟ್ಟ ಎತ್ತರದ ಸ್ಥಾನವನ್ನು ಬೇರೆ ಯಾವ ನಂಟಿಗೂ ಇವು ಕೊಡುವುದಿಲ್ಲ. ಮಹಾಕೂಟದ ಕಂಬದಲ್ಲಿ ವಿನಾಪೋಟಿ ತಾಯಿಯನ್ನು ನೆನೆದ ಭಾವಕ್ಕೂ ಈ ಪದಗಳ ಭಾವಕ್ಕೂ ಹೆಚ್ಚಿನ ದೂರವಿಲ್ಲ. ದೂರವಿರುವುದು ಬೇರೆ ಕಡೆಯಲ್ಲಿ. ಗ್ರಂಥದ ಹೆಸರಿನಲ್ಲಿರುವ ‘ಗರತಿ’ ಎಂಬ ಶಬ್ದ ಕುಲವಧುವನ್ನು, ಮಾನವಂತ ಗೃಹಿಣಿಯನ್ನು ಸೂಚಿಸುತ್ತದೆ. ವಿನಾಪೋಟಿಯಂತಹವಳನ್ನು ಹೊರಗಿಡುವುದಕ್ಕೆ ಸಮಾಜ ಬಳಸಿದ ಶಬ್ದವೂ ಅದೇ. ಹೀಗಿದ್ದರೂ ಮೂರು ತಲೆಮಾರಿನ ಹೆಸರಿನೊಡನೆ ಇತಿಹಾಸಕ್ಕೆ ಉಳಿದವಳು ಗರತಿಯಲ್ಲದವಳು. ಗರತಿಯ ಹಾಡು ಉಳಿಯಿತು, ಹೆಸರು ಉಳಿಯಲಿಲ್ಲ. ತ್ರಿಪದಿಗಳು ಹಾಡಿದವಳ ಹೆಸರಿಲ್ಲದೆ ಅಚ್ಚಾಗಿವೆ.

ಇದರಲ್ಲಿ ಸಂಗ್ರಾಹಕರ ದೋಷವನ್ನು ಹುಡುಕುವುದು ಉಚಿತವಲ್ಲ. ಜನಪದವೆಂದರೆ ಕರ್ತೃವಿಲ್ಲದುದೆಂಬುದು ಆ ಕಾಲದ ಎಲ್ಲರ ತಿಳಿವಳಿಕೆಯಾಗಿತ್ತು. ಅವರು ಆಗ ಈ ಕೆಲಸಕ್ಕೆ ಕೈಹಾಕದಿದ್ದರೆ ಹಾಡುಗಳೂ ಇರುತ್ತಿರಲಿಲ್ಲ. ಆದರೂ ಒಂದು ವೈಚಿತ್ರ್ಯವನ್ನು ಹೇಳದಿರಲಾಗುವುದಿಲ್ಲ. ಸಂಗ್ರಹಿಸಿದವರ ಸ್ನೇಹ ‘ಹಲಸಂಗಿಯ ಗೆಳೆಯರು’ ಎಂಬ ಹೆಸರಿನಿಂದಲೇ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಸ್ಥಿರವಾಯಿತು. ಹಾಡಿದ ಗೆಳತಿಯರ ಸ್ನೇಹಕ್ಕೆ ಅಂತಹ ಹೆಸರು ಬರಲಿಲ್ಲ.

೪. ಗೆಳತಿಗೆ ಆಕರವೆಲ್ಲಿ?

ತಾಯಿ ಮಗಳ, ಅಕ್ಕತಂಗಿಯರ ಸಂಬಂಧ ವಂಶ, ಆಸ್ತಿ, ಮದುವೆಗಳಿಗೆ ಹೊಂದಿಕೊಂಡಿರುವುದರಿಂದ ಯಾವುದಾದರೊಂದು ದಾಖಲೆಯಲ್ಲಿ ಸುಳಿಯುವ ಸಂಭವವಿದೆ. ಗೆಳೆತನಕ್ಕೆ ಅಂತಹ ಆಶ್ರಯವಿಲ್ಲ. ಗೆಳತಿಯ ಹೆಸರಿನಲ್ಲಿ ದತ್ತಿಯಿಲ್ಲ, ವತನವಿಲ್ಲ, ಕರಾರುಪತ್ರವಿಲ್ಲ. ಅಲ್ಲದೆ ಹೆಣ್ಣು ಮದುವೆಯಾಗಿ ಬೇರೂರಿಗೆ ಹೋಗುವ ಸಮಾಜದಲ್ಲಿ ಬಾಲ್ಯದ ಗೆಳೆತನ ಮದುವೆಯೊಡನೆ ಕಡಿದುಹೋಗುವುದೇ ಸಹಜ. ಆದರೂ ಈ ಭಾಗದ ತ್ರಿಪದಿಗಳಲ್ಲಿ ‘ಗೆಳತಿ’, ‘ಗೆಳದಿ’ ಎಂಬ ಸಂಬೋಧನೆ ಮತ್ತೆ ಮತ್ತೆ ಕೇಳಿಬರುತ್ತದೆ. ಆ ನಂಟು ಉಳಿದುದು ಹೇಗೆಂಬುದನ್ನು ಹಬ್ಬಗಳ ಏರ್ಪಾಡಿನಿಂದ ತಿಳಿಯಬಹುದು.

ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ, ಕೂಡಿ ಹಾಡಿ, ಕೂಡಿ ಉಣ್ಣುವ ಪದ್ಧತಿ ಈ ಸೀಮೆಯಲ್ಲಿದೆ. ಓರಗೆಯವರ ಬಳಗ ಕಟ್ಟಿಕೊಳ್ಳುವುದು ಅಲ್ಲಿ. ಮುಂದೆ ಶ್ರಾವಣದ ನಾಗರ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ, ಮದುವೆಯಾದ ಅಕ್ಕತಂಗಿಯರನ್ನು ತವರಿಗೆ ಕರೆತರುತ್ತಾರೆ. ಪಂಚಮಿಯನ್ನು ಸಾಮಾನ್ಯವಾಗಿ ಅಣ್ಣ ತಂಗಿಯರ ಹಬ್ಬವೆಂದು ವರ್ಣಿಸಲಾಗುತ್ತದೆ. ಅದು ನಿಜವೇ. ಆದರೆ ಒಂದೇ ವೇಳೆಗೆ ಊರಿನ ಹೆಣ್ಣುಮಕ್ಕಳೆಲ್ಲರೂ ಮರಳುವುದರಿಂದ ಬೇರೆ ಬೇರೆ ಊರುಗಳಿಗೆ ಚದುರಿಹೋದ ಗೆಳತಿಯರು ಮತ್ತೆ ಸೇರುವ ದಿನವೂ ಅದೇ ಆಗುತ್ತದೆ. ಉಂಡಿ, ಅಳ್ಳು, ತಂಬಿಟ್ಟುಗಳ ಹಂಚಿಕೆ, ಬೇವಿನ ಮರದ ಜೋಕಾಲಿ, ಜೋಡಿಯಾಗಿ ನಿಂತು ಜೀಕುವುದು ಇವೆಲ್ಲ ಅಣ್ಣನಿಗಿಂತ ಹೆಚ್ಚಾಗಿ ಗೆಳತಿಯರಿಗೆ ಸಂಬಂಧಿಸಿದವು. ರಕ್ತಸಂಬಂಧದ ಹಬ್ಬವೊಂದು ಒಳಗಿನಿಂದ ಸಖ್ಯವನ್ನೂ ಸಲಹಿಕೊಂಡು ಬಂದಿತೆಂದು ನಾವು ತಿಳಿಯುತ್ತೇವೆ.

ತವರಿನಿಂದ ಮರಳುವ ಮಗಳಿಗೆ ಉಡಿ ತುಂಬಿ ಕೊಡುವ ಸೀರೆ ಮತ್ತು ಖಣ ಈ ನಂಟಿನ ಮೂರ್ತರೂಪ. ಈ ಸೀಮೆಯಲ್ಲಿ ಸೀರೆ ಎಂದರೆ ಇಳಕಲ್ಲಿನದು, ಖಣ ಎಂದರೆ ಗುಳೇದಗುಡ್ಡದ್ದು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ರೇಷ್ಮೆಯ ಸೆರಗಿನ ಹಾಸು ಬೇರೆ. ಇವೆರಡನ್ನೂ ಎಳೆಗೆ ಎಳೆ ಕೂಡಿಸಿ ‘ಕೊಂಡಿ’ ಹಾಕುವುದು ಅದರ ವೈಶಿಷ್ಟ್ಯ. ನೇಕಾರರ ಮನೆಗಳಲ್ಲಿ ನೂಲು ಬಿಡಿಸುವುದು, ಕಂಡಿಕೆ ಸುತ್ತುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಅದೂ ಕೂಡಿ ಮಾಡುವ ಕೆಲಸ, ಅದೂ ಹೆಸರಿಲ್ಲದ ಕೆಲಸ. ಸೀರೆಗೆ ಊರಿನ ಹೆಸರು ಬಂದಿತು. ಅದಕ್ಕೆ ಕಂಡಿಕೆ ಸುತ್ತಿದವಳ ಹೆಸರು ಎಲ್ಲಿಯೂ ಬರೆಯಲ್ಪಡಲಿಲ್ಲ.

೫. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವ ಸಂಗತಿಗಳು ಇವು. ಈ ಸೀಮೆಯ ಹೆಣ್ಣುಮಕ್ಕಳ ಪರಸ್ಪರ ಬಾಂಧವ್ಯಕ್ಕೆ ಎಂಟನೆಯ ಶತಮಾನದಿಂದ ಲಿಖಿತ ಸಾಕ್ಷ್ಯವಿದೆ. ಹೆಸರು ಉಳಿದುದು ಕೊಡಲು ಆಸ್ತಿಯಿದ್ದವಳದು, ಇಲ್ಲವೆ ನೆನೆಯಲು ಧರ್ಮಸಮುದಾಯವಿದ್ದವಳದು. ಈ ಎರಡೂ ಇಲ್ಲದವಳ ಪಾಲಿಗೆ ಹಾಡೇ ಆಸ್ತಿಯಾಗಿತ್ತು. ಅದನ್ನು ನಾವು ಪಡೆದುಕೊಂಡೆವು, ಕೊಟ್ಟವಳ ಹೆಸರನ್ನು ಬರೆದುಕೊಳ್ಳಲಿಲ್ಲ.

ಈ ಲೋಪವನ್ನು ತುಂಬಿಕೊಳ್ಳುವ ಕಾಲ ದಿನದಿನಕ್ಕೆ ಕಿರಿದಾಗುತ್ತಿದೆ. ಹಿಟ್ಟಿನ ಗಿರಣಿಗಳು ಬಂದ ಮೇಲೆ ಬೀಸುವ ಕಲ್ಲು ಮೂಲೆಗೆ ಸೇರಿತು. ಕಲ್ಲಿನೊಡನೆ ಹಾಡುವ ಸಂದರ್ಭವೂ ಹೋಯಿತು. ಬಾಗಲಕೋಟೆಯ ಮಟ್ಟಿಗೆ ಇನ್ನೊಂದು ಕಾರಣವೂ ಸೇರಿದೆ. ೧೯೬೪ರಲ್ಲಿ ಅಡಿಗಲ್ಲು ಹಾಕಲಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಪಟ್ಟಣದ ಭಾಗಗಳೂ ಕೃಷ್ಣಾ, ಘಟಪ್ರಭೆಗಳ ದಂಡೆಯ ಅನೇಕ ಹಳ್ಳಿಗಳೂ ಮುಳುಗಿದವು. ಜನ ನವನಗರಕ್ಕೂ ಪುನರ್ವಸತಿ ಕೇ೦ದ್ರಗಳಿಗೂ ಚದುರಿದರು. ಮುಳುಗಡೆಯ ಲೆಕ್ಕದಲ್ಲಿ ಮನೆ, ಹೊಲ, ಮರಗಳ ಬೆಲೆ ಕಟ್ಟಿದರು. ಒಂದು ಓಣಿಯಲ್ಲಿ ಕೂಡಿ ಬೀಸುತ್ತಿದ್ದವರು ಬೇರೆ ಬೇರೆ ಕಡೆ ಹೋದುದಕ್ಕೆ ಲೆಕ್ಕದ ಪುಸ್ತಕದಲ್ಲಿ ಅಂಕಣವಿಲ್ಲ. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ೨೦೧೦ರ ತನ್ನ ತೀರ್ಪಿನಲ್ಲಿ ನೀರಿನ ಮಟ್ಟವನ್ನು ೫೧೯.೬ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸಲು ಅವಕಾಶ ಕೊಟ್ಟಿರುವುದನ್ನು ನೆನೆದರೆ ಈ ಚದುರುವಿಕೆ ಮುಗಿಯಿತೆಂದು ಹೇಳುವಂತಿಲ್ಲ.

ಮಾಡಬೇಕಾದ ಕೆಲಸಕ್ಕೆ ನೆರೆನಾಡಿನಲ್ಲಿ ಒಂದು ಮೇಲ್ಪಂಕ್ತಿಯಿದೆ. ಮರಾಠಿಯ ಬೀಸುವ ಹಾಡುಗಳಾದ ‘ಓವಿ’ಗಳನ್ನು ಪುಣೆಯ ಹೇಮಾ ರಾಯಿರಕರ ಮತ್ತು ಗೀ ಪ್ವಾತ್ವಾಂ ಎಂಬ ವಿದ್ವಾಂಸರು ೧೯೮೦ರ ದಶಕದಿಂದ ಸಂಗ್ರಹಿಸಿದರು. ಒಂದು ಲಕ್ಷಕ್ಕೂ ಮಿಕ್ಕ ಆ ಸಂಗ್ರಹದಲ್ಲಿ ಹಾಡಿದವಳ ಹೆಸರು, ಊರುಗಳನ್ನು ಹಾಡಿನೊಡನೆಯೇ ದಾಖಲಿಸಿದ್ದಾರೆ. ಹೆಸರು ಬಂದೊಡನೆ ಹಾಡು ಜನಪದವಾಗಿಯೂ ಉಳಿಯಿತು, ಒಬ್ಬ ವ್ಯಕ್ತಿಯ ಬಾಳಿನ ಸಾಕ್ಷ್ಯವೂ ಆಯಿತು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಗಳ ಕಾಲೇಜುಗಳಲ್ಲಿ ಇತಿಹಾಸ ಕಲಿಸುವ ಮಿತ್ರರಿಗೂ ಕಲಿಯುವ ವಿದ್ಯಾರ್ಥಿಗಳಿಗೂ ನಮ್ಮ ಸೂಚನೆ ಚಿಕ್ಕದು. ಬೀಸುವ ಕಲ್ಲಿನ ಪದಗಳನ್ನು ಬಲ್ಲ ಮುದುಕಿಯರು ಇನ್ನೂ ಅನೇಕ ಮನೆಗಳಲ್ಲಿದ್ದಾರೆ. ಅವರಿಂದ ಪದವನ್ನು ಬರೆದುಕೊಳ್ಳುವಾಗ ಅವರ ಒಪ್ಪಿಗೆಯನ್ನು ಪಡೆದು ಹೆಸರು, ತವರೂರು, ಕೊಟ್ಟ ಊರು, ಪದ ಕಲಿಸಿದವರು ಯಾರೆಂಬುದನ್ನೂ ಬರೆದುಕೊಳ್ಳಬೇಕು. ಕೊನೆಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ‘ಅವ್ವಾ, ನಿನ್ನ ಎದುರಿಗೆ ಕೂತು ಬೀಸ್ತಿದ್ದವರು ಯಾರು?’ ಶಾಸನಗಳಾಗಲಿ ಗ್ರಂಥಗಳಾಗಲಿ ಇದುವರೆಗೆ ಕೇಳದ ಪ್ರಶ್ನೆ ಇದು. ಇದಕ್ಕೆ ಬರುವ ಉತ್ತರದಲ್ಲಿ ಈ ಸೀಮೆಯ ಗೆಳತಿಯರ ಹೆಸರುಗಳು ಮೊದಲ ಬಾರಿಗೆ ಇತಿಹಾಸದ ಪುಟಕ್ಕೆ ಬರುವುವೆಂದು ನಾವು ನಂಬಿದ್ದೇವೆ.